ಎರಡು ಕಡೆ ಗಡ್ಡೆ, ಒಂದೇ ಕಡೆ ಕತ್ತರಿ

ಈ ಪ್ರಕರಣದಲ್ಲಿ ಗಡ್ಡೆ ತೆಗೆದದ್ದೇ ಸುಲಭದ ಕೆಲಸ ಅಂದರೆ ಆವತ್ತು ಥಿಯೇಟರಿನಲ್ಲಿ ನನ್ನ ಜೊತೆ ನಿಂತಿದ್ದವರು ನಕ್ಕಾರು. ಬೆವರು ಇಳಿದಿತ್ತು, ಸುಳ್ಳಲ್ಲ. ಆದರೆ ಇಷ್ಟು ವರ್ಷ ಕಳೆದ ಮೇಲೂ ನನ್ನ ತಲೆಯಲ್ಲಿ ಸುತ್ತುವುದು ತೆಗೆದ ಗಡ್ಡೆಯಲ್ಲ, ತೆಗೆಯದೆ ಬಿಟ್ಟದ್ದು.

ರೋಗಿಯ ಗುರುತು ಸಿಗಬಾರದೆಂದು ಹಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅನ್ನುತ್ತೇನೆ. ವಯಸ್ಸು 39. ಮಕ್ಕಳಿಗೆ ಹಾಡು ಕಲಿಸುವುದು ಅವರ ಕೆಲಸ. ಗಂಟಲೇ ಅವರ ಅನ್ನದ ದಾರಿ ಅನ್ನುವುದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಸೂಜಿಯಲ್ಲಿ ಬಂದದ್ದು ಬರೀ ರಕ್ತ

ಎಡಗಡೆ ದವಡೆಯ ಮೂಲೆಯ ಕೆಳಗೆ ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. ಕನ್ನಡಿ ಮುಂದೆ ತಲೆ ಬಾಚುವಾಗ ಕಣ್ಣಿಗೆ ಬಿದ್ದದ್ದು. ಕುತ್ತಿಗೆಯಲ್ಲಿ ಗಂಟು ಅಂದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಲಿಂಫ್ ಗ್ರಂಥಿ. ಹಾಗಾಗಿ ಎರಡು ಸುತ್ತು ಆ್ಯಂಟಿಬಯಾಟಿಕ್ ಆಯಿತು. ಗಂಟು ಕರಗಲಿಲ್ಲ. ಆಮೇಲೆ ಬೇರೊಂದು ಕಡೆ ಸೂಜಿ ಹಾಕಿ ಮಾದರಿ ತೆಗೆಯಲು ನೋಡಿದರು. ಸಿರಿಂಜಿಗೆ ಬಂದದ್ದು ಬರೀ ಕೆಂಪು ರಕ್ತ. ವರದಿಯಲ್ಲಿ 'ಮಾದರಿ ಸಾಲದು, ಮತ್ತೊಮ್ಮೆ ಮಾಡಿ' ಅಂತ ಬರೆದಿತ್ತು. ಮತ್ತೊಮ್ಮೆ ಮಾಡದೆ ನಮ್ಮಲ್ಲಿಗೆ ಕಳಿಸಿದರು, ಪುಣ್ಯ.

ನಾನು ಬೆರಳಿಟ್ಟು ನೋಡಿದೆ. ಗಂಟು ಎಡಕ್ಕೆ ಬಲಕ್ಕೆ ಸರಿಯುತ್ತಿತ್ತು. ಮೇಲಕ್ಕೆ ಕೆಳಕ್ಕೆ ಒಂದಿಷ್ಟೂ ಜರುಗಲಿಲ್ಲ. ಬೆರಳಿನಡಿ ನಾಡಿ ಬಡಿಯುತ್ತಿತ್ತು. ಕುತ್ತಿಗೆಯಲ್ಲಿ ನೆಟ್ಟಗೆ ಮೇಲೇರುವ ರಕ್ತನಾಳಕ್ಕೆ ಅಂಟಿಕೊಂಡ ವಸ್ತು ಹೀಗೇ ಆಡುತ್ತದೆ. ಇದನ್ನು ಫಾಂಟೇನ್ ಲಕ್ಷಣ ಅಂತ ಕರೆಯುತ್ತಾರೆ. ಹತ್ತು ಸೆಕೆಂಡಿನ ಪರೀಕ್ಷೆ. ಸೂಜಿ ಕೈಗೆತ್ತಿಕೊಳ್ಳುವ ಮುಂಚೆ ಆಗಬೇಕಾದದ್ದು. ಇಂಥ ಗಡ್ಡೆಗೆ ಸೂಜಿ ಹಾಕಿದರೆ ರಕ್ತ ಸೋರಿ ಸುತ್ತಲಿನ ಪದರಗಳು ಅಂಟಿಕೊಳ್ಳಬಹುದು. ಆಮೇಲೆ ಬಿಡಿಸಲು ಕೂತವರಿಗೆ ಅದರ ಕಷ್ಟ ಗೊತ್ತಾಗುತ್ತದೆ. ಚಾಕುವಿನಿಂದ ಬಯಾಪ್ಸಿ ಮಾಡುವುದಂತೂ ಬೇಡವೇ ಬೇಡ.

ನನ್ನ ಅನುಮಾನ ಹೋದದ್ದು ಕ್ಯಾರೋಟಿಡ್ ಬಾಡಿಯ ಗಡ್ಡೆಯ ಮೇಲೆ. ಕ್ಯಾರೋಟಿಡ್ ಬಾಡಿ ಅಂದರೆ ಅಕ್ಕಿಕಾಳಿನಷ್ಟು ದೊಡ್ಡ ಅಂಗ. ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳ ಎರಡಾಗಿ ಕವಲೊಡೆಯುವ ಜಾಗದ ಸಂದಿಯಲ್ಲಿ, ನಾಳದ ಹೊರಪದರದೊಳಗೆ ಕೂತಿರುತ್ತದೆ. ಒಂದು ಕವಲು ಮಿದುಳಿಗೆ, ಇನ್ನೊಂದು ಮುಖ ಮತ್ತು ನೆತ್ತಿಗೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಮೊದಲು ಸುದ್ದಿ ಮುಟ್ಟಿಸುವುದು ಈ ಕಾಳು. ಉಸಿರಾಟದ ಮೇಲೆ ಈ ಜಾಗದ ಹಿಡಿತವನ್ನು ತೋರಿಸಿಕೊಟ್ಟದ್ದಕ್ಕೆ ಕಾರ್ನೇಯ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಈ ಕಾಳಿನಲ್ಲಿ ಹುಟ್ಟುವ ಗಡ್ಡೆಗೆ ಪ್ಯಾರಾಗ್ಯಾಂಗ್ಲಿಯೋಮ ಅಂತ ಹೆಸರು. ಬಹುಪಾಲು ನಿಧಾನ ಬೆಳೆಯುತ್ತವೆ, ಕ್ಯಾನ್ಸರ್‌ನಂತೆ ಹರಡುವುದು ಕಡಿಮೆ. ಬಹಳ ಎತ್ತರದ ಪ್ರದೇಶಗಳಲ್ಲಿ ಬದುಕುವವರಲ್ಲಿ ಇವು ಜಾಸ್ತಿ. ಜೀವನಪೂರ್ತಿ ಆಮ್ಲಜನಕ ಕಡಿಮೆ ಇದ್ದರೆ ಕಾಳು ದುಡಿದು ದುಡಿದು ಉಬ್ಬುತ್ತದೆ. ಟೀಚರ್ ಹಾಗೆ ಎತ್ತರದಲ್ಲಿ ಬೆಳೆದವರಲ್ಲ. ಅವರ ಕಾರಣ ಬೇರೆ ಇತ್ತು. ಅದು ನಮಗೆ ತಡವಾಗಿ ತಿಳಿಯಿತು.

ಯಾರೂ ಹುಡುಕದಿದ್ದ ಎರಡನೆಯದು

ಸಿಟಿ ಆ್ಯಂಜಿಯೋಗ್ರಾಂನಲ್ಲಿ ಎಡಗಡೆ 3.9 ಸೆಂ.ಮೀ. ಗಡ್ಡೆ. ಎರಡು ಕವಲನ್ನೂ ಆಚೆ ಈಚೆ ತಳ್ಳಿ ನಡುವೆ ಕೂತಿತ್ತು. ಬಣ್ಣ ಹಾಯಿಸಿದಾಗ ಪೂರ್ತಿ ಬೆಳಗಿತು, ಅಷ್ಟು ರಕ್ತನಾಳ ಅದರೊಳಗೆ. ಚಿತ್ರ ಕೆಳಗೆ ಸರಿಸುತ್ತಿದ್ದ ರೇಡಿಯಾಲಜಿಸ್ಟ್ ಅಲ್ಲೇ ನಿಲ್ಲಿಸಿ, "ಬಲಗಡೆ ನೋಡಿದ್ರಾ?" ಅಂದರು. ಬಲಗಡೆ ಅದೇ ಸಂದಿಯಲ್ಲಿ 1.4 ಸೆಂ.ಮೀ.ನ ಇನ್ನೊಂದು. ಕೈಗೆ ಸಿಕ್ಕುವಂತಿರಲಿಲ್ಲ. ನಾನು ಹುಡುಕಿಯೂ ಇರಲಿಲ್ಲ.

ಎರಡೂ ಕಡೆ ಇದ್ದರೆ ಮನೆತನದ್ದು ಅಂತ ಅನುಮಾನ ಬರಲೇಬೇಕು. ಮತ್ತೆ ಕರೆದು ಕೇಳಿದೆ. "ಅಪ್ಪನಿಗೂ ಕುತ್ತಿಗೆಯಲ್ಲಿ ಒಂದು ಗಂಟಿತ್ತು ಡಾಕ್ಟ್ರೇ. ಏನೂ ತೊಂದರೆ ಕೊಡಲಿಲ್ಲ, ಅವರೂ ತೋರಿಸಲಿಲ್ಲ" ಅಂದರು. ಮೊದಲ ಭೇಟಿಯಲ್ಲಿ ನಾನು ಕೇಳಿದ್ದು 'ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ' ಅಂತ. ಅದಕ್ಕೆ ಇಲ್ಲ ಅನ್ನುವುದೇ ಸರಿಯಾದ ಉತ್ತರ. ಪ್ರಶ್ನೆಯೇ ತಪ್ಪಿತ್ತು.

ರಕ್ತದಲ್ಲಿ ಮೆಟಾನೆಫ್ರಿನ್, ಅಂದರೆ ಅಡ್ರಿನಲಿನ್ ಒಡೆದಾಗ ಉಳಿಯುವ ಅಂಶ, ನೋಡಿಸಿದೆವು, ಸರಿಯಿತ್ತು. ಈ ಗಡ್ಡೆಗಳಲ್ಲಿ ಕೆಲವೇ ಕೆಲವು ಅಡ್ರಿನಲಿನ್ ಜಾತಿಯ ರಸ ಸುರಿಸುತ್ತವೆ. ಹಾಗಂತ ನೋಡದೆ ಮುಂದೆ ಹೋದರೆ ಆಪರೇಷನ್ ಟೇಬಲ್ ಮೇಲೆ ಬಿ.ಪಿ. ಗಗನಕ್ಕೇರಬಹುದು. ಇಂಥ ಗಡ್ಡೆಗಳನ್ನು ಮೈಯೆಲ್ಲ ಹುಡುಕುವ ಗಾಲಿಯಮ್ ಡೋಟಾಟೇಟ್ ಪೆಟ್ ಸ್ಕ್ಯಾನಿನಲ್ಲಿ ಕುತ್ತಿಗೆಯ ಈ ಎರಡನ್ನು ಬಿಟ್ಟು ಬೇರೆಲ್ಲೂ ಏನೂ ಹೊಳೆಯಲಿಲ್ಲ. ಎಸ್‌ಡಿಎಚ್‌ಡಿ ಅನ್ನುವ ವಂಶವಾಹಿಯಲ್ಲಿ ದೋಷ ಇದೆ ಅಂತ ವರದಿ ಬಂದದ್ದು ಆಪರೇಷನ್ ಆದ ಮೇಲೆ.

ಮೊದಲು ಯಾವ ಕಡೆ?

ನಮ್ಮ ಚರ್ಚೆ ಬಿಸಿಯೇರಿದ್ದು ಇಲ್ಲಿ.

ಸುಮ್ನೆ ನೋಡುತ್ತಾ ಇರುವುದು ಒಂದು ದಾರಿ. ಈ ಗಡ್ಡೆಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿ.ಮೀ. ಬೆಳೆಯುತ್ತವೆ. ವಯಸ್ಸಾದವರಲ್ಲಿ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಟೀಚರ್ ಹತ್ತಿರ ಮೂರು ವರ್ಷ ಹಿಂದಿನ ಥೈರಾಯ್ಡ್ ಅಲ್ಟ್ರಾಸೌಂಡ್ ವರದಿ ಇತ್ತು. ಅದರಲ್ಲಿ 'ಎಡಗಡೆ ದಪ್ಪಗಾದ ಲಿಂಫ್ ಗ್ರಂಥಿ, 2.9 ಸೆಂ.ಮೀ.' ಅಂತ ಒಂದು ಸಾಲು. ಎರಡು ಬೇರೆ ಬೇರೆ ಸ್ಕ್ಯಾನಿನ ಅಳತೆ ತಾಳೆ ಹಾಕುವುದು ಪೂರ್ತಿ ಸರಿಯಲ್ಲ. ಆದರೂ ಮೂರು ವರ್ಷದಲ್ಲಿ 1 ಸೆಂ.ಮೀ. ಅನ್ನುವುದನ್ನು ತಳ್ಳಿಹಾಕಲಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಗಡ್ಡೆಯ ಮೇಲ್ತುದಿ ತಲೆಬುರುಡೆಯ ತಳದ ಕಡೆಗೆ ಏರುತ್ತಿತ್ತು. ನಾನು ಗಡ್ಡೆಯ ಗಾತ್ರಕ್ಕಿಂತ ಈ ಅಂತರಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ. ಮೇಲೆ ಹೋದಷ್ಟೂ ಜಾಗ ಕಿರಿದಾಗುತ್ತದೆ, ನರಗಳು ಒತ್ತೊತ್ತಾಗುತ್ತವೆ.

ವಿಕಿರಣ ಚಿಕಿತ್ಸೆ ಇನ್ನೊಂದು ದಾರಿ. ಬಹಳ ಸಲ ಬೆಳವಣಿಗೆ ನಿಲ್ಲಿಸುತ್ತದೆ, ಗಡ್ಡೆ ಅಲ್ಲೇ ಇರುತ್ತದೆ. 39ರ ವಯಸ್ಸಿನವರಿಗೆ ಅದು ನಮಗ್ಯಾರಿಗೂ ಮೊದಲ ಆಯ್ಕೆ ಅನ್ನಿಸಲಿಲ್ಲ.

ಆಪರೇಷನ್ ಅಂತಾದರೆ ಯಾವುದು ಮೊದಲು? ನನ್ನ ಹಿರಿಯ ಸಹೋದ್ಯೋಗಿ ಒಬ್ಬರು ಚಿಕ್ಕದನ್ನು ಮೊದಲು ತೆಗೆಯಬೇಕು ಅಂದರು. ಚಿಕ್ಕದು ಶುಚಿಯಾಗಿ ಬರುತ್ತದೆ, ಆ ಕಡೆಯ ನರಗಳು ಉಳಿಯುತ್ತವೆ, ಆಮೇಲೆ ದೊಡ್ಡದರ ಕಡೆ ಒಂದು ನರ ಹೋದರೂ ಇನ್ನೊಂದು ಕಡೆ ಆಸರೆ ಇರುತ್ತದೆ. ತೂಕದ ಮಾತು, ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಆದರೆ ನನ್ನ ಲೆಕ್ಕ ಬೇರೆ ಇತ್ತು. ಚಿಕ್ಕದನ್ನು ತೆಗೆಯುವಾಗ ಅಕಸ್ಮಾತ್ ಬಲಗಡೆ ವೇಗಸ್ ನರಕ್ಕೆ, ಅಂದರೆ ಧ್ವನಿಗೂ ನುಂಗುವುದಕ್ಕೂ ಬೇಕಾದ ನರಕ್ಕೆ, ಪೆಟ್ಟಾದರೆ, ಎಡಗಡೆ ಬೆಳೆಯುತ್ತಿರುವ ದೊಡ್ಡ ಗಡ್ಡೆಯನ್ನು ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ. ಅಪಾಯ ಇರುವುದು ದೊಡ್ಡದರಲ್ಲಿ. ಅದನ್ನು ತೆಗೆದು, ಆಮೇಲೆ ಏನು ಉಳಿದಿದೆ ನೋಡಿ ಚಿಕ್ಕದರ ಮಾತು. ಎರಡನ್ನೂ ಒಂದೇ ದಿನ ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂಚೆಯೇ ಗಡ್ಡೆಗೆ ರಕ್ತ ತರುವ ನಾಳಗಳನ್ನು ಒಳಗಿನಿಂದ ಮುಚ್ಚಿಸುವ ಎಂಬೊಲೈಸೇಶನ್ ಬಗ್ಗೆಯೂ ಮಾತಾಯಿತು. ಕೆಲವು ಕಡೆ ದೊಡ್ಡ ಗಡ್ಡೆಗಳಿಗೆಲ್ಲ ಆಪರೇಷನ್ನಿನ ಒಂದೆರಡು ದಿನ ಮುಂಚೆ ಇದನ್ನು ಮಾಡುತ್ತಾರೆ. ಇನ್ನು ಕೆಲವರು ಏನೂ ಲಾಭವಿಲ್ಲ ಅನ್ನುತ್ತಾರೆ. ನಮ್ಮ ರೇಡಿಯಾಲಜಿಸ್ಟ್ ಪರದೆ ಮೇಲೆ ತೋರಿಸಿದರು: ಗಡ್ಡೆಗೆ ಮುಖ್ಯ ರಕ್ತ ಬರುತ್ತಿದ್ದ ಅಸೆಂಡಿಂಗ್ ಫ್ಯಾರಿಂಜಿಯಲ್ ನಾಳದಿಂದ ಒಂದು ಎಳೆ ಬೆನ್ನುಮೂಳೆಯ ಪಕ್ಕದ ವರ್ಟಿಬ್ರಲ್ ನಾಳಕ್ಕೆ ಸೇರಿತ್ತು. ಮುಚ್ಚಲು ಬಿಟ್ಟ ಕಣ ಆ ದಾರಿಯಲ್ಲಿ ಜಾರಿದರೆ ನೇರ ಮಿದುಳಿಗೆ. "ಸ್ವಲ್ಪ ರಕ್ತ ಉಳಿಸಲು ಹೋಗಿ ಪಾರ್ಶ್ವವಾಯು ತರಿಸೋದು ಬೇಡ" ಅಂದರು. ಬಿಟ್ಟೆವು.

ಆಪರೇಷನ್ನಿಗೆ ಮುಂಚೆ ಟೀಚರ್ ಒಂದೇ ಪ್ರಶ್ನೆ ಕೇಳಿದರು. "ಹಾಡೋಕೆ ಆಗುತ್ತಾ?" ಧ್ವನಿ ಸ್ವಲ್ಪ ಒಡೆಯಬಹುದು, ಹೆಚ್ಚಿನವರಲ್ಲಿ ಸರಿಹೋಗುತ್ತದೆ ಅಂದೆ. ಧ್ವನಿತಂತುಗಳನ್ನು ಕ್ಯಾಮೆರಾದಲ್ಲಿ ನೋಡಿಸಿದೆವು, ಎರಡೂ ಚೆನ್ನಾಗಿ ಆಡುತ್ತಿದ್ದವು. ಕಿವಿ-ಮೂಗು-ಗಂಟಲು ವೈದ್ಯೆ ಅವರ ಫೋನಿನಲ್ಲಿ ಎರಡು ನಿಮಿಷದ ಹಾಡನ್ನೂ ರೆಕಾರ್ಡ್ ಮಾಡಿಸಿಕೊಂಡರು. ಅದು ನನ್ನ ಯೋಚನೆ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಬಿಳಿ ಗೆರೆ ಹಿಡಿದು

ಈ ಆಪರೇಷನ್ನಿನ ಇತಿಹಾಸ ರಕ್ತದಲ್ಲೇ ಬರೆದದ್ದು. 1880ರಲ್ಲಿ ರೀಗ್ನರ್ ಮೊದಲ ಸಲ ಪ್ರಯತ್ನಿಸಿದಾಗ ರೋಗಿ ಉಳಿಯಲಿಲ್ಲ. 1886ರಲ್ಲಿ ಮೇಡ್ಲ್ ತೆಗೆದಾಗ ಜೀವ ಉಳಿಯಿತು, ಪಾರ್ಶ್ವವಾಯು ಬಂತು. ಕ್ಯಾರೋಟಿಡ್ ನಾಳವನ್ನು ಕಟ್ಟದೆ ಗಡ್ಡೆ ತೆಗೆದದ್ದು 1889ರಲ್ಲಿ, ಆಲ್ಬರ್ಟ್. ಗಡ್ಡೆಗೂ ನಾಳದ ಗೋಡೆಗೂ ನಡುವೆ ಒಂದು ತೆಳು ಬಿಳಿ ಪದರ ಇದೆ, ಅದನ್ನು ಹಿಡಿದು ಹೋದರೆ ನಾಳ ಉಳಿಯುತ್ತದೆ ಅಂತ ಗಾರ್ಡನ್-ಟೇಲರ್ 1940ರಲ್ಲಿ ಬರೆದರು. ಇವತ್ತಿಗೂ ನಾವು ಹುಡುಕುವುದು ಅದೇ ಬಿಳಿ ಗೆರೆಯನ್ನು.

ಕುತ್ತಿಗೆಯ ಸ್ನಾಯುವಿನ ಅಂಚಿನಗುಂಟ ಗಾಯ ಮಾಡಿ ಒಳಗಿಳಿದೆವು. ಮೊದಲ ಕೆಲಸ ಕೆಳಗಡೆ ಮುಖ್ಯ ನಾಳಕ್ಕೆ ಪಟ್ಟಿ ಸುತ್ತಿ ಹಿಡಿತ ಸಾಧಿಸುವುದು. ನಾಲಿಗೆಯನ್ನು ಆಡಿಸುವ ಹೈಪೋಗ್ಲಾಸಲ್ ನರ ಗಡ್ಡೆಯ ಮೇಲ್ತುದಿಯ ಮೇಲೆ ರಬ್ಬರ್ ಬ್ಯಾಂಡಿನ ಹಾಗೆ ಬಿಗಿದು ಚಪ್ಪಟೆಯಾಗಿತ್ತು. ಅದನ್ನು ಬಿಡಿಸಲಿಕ್ಕೇ ಅರ್ಧ ಗಂಟೆ ಹಿಡಿಯಿತು. ವೇಗಸ್ ಹಿಂದೆ ಸರಿದು ಬೇರೆಯಾಗಿಯೇ ಇತ್ತು, ಸಮಾಧಾನ ಆಯಿತು.

ಶಾಂಬ್ಲಿನ್ 1971ರಲ್ಲಿ ಮಾಡಿದ ವಿಂಗಡಣೆಯಲ್ಲಿ ಮೂರು ಬಗೆ. ಸಲೀಸಾಗಿ ಬಿಡುವುದು ಒಂದನೆಯದು, ನಾಳಕ್ಕೆ ಅಂಟಿ ಅರ್ಧ ಸುತ್ತಿರುವುದು ಎರಡನೆಯದು, ನಾಳವನ್ನೇ ನುಂಗಿದ್ದು ಮೂರನೆಯದು. ಸ್ಕ್ಯಾನ್ ನೋಡಿ ಎರಡನೆಯದು ಅಂದುಕೊಂಡಿದ್ದೆವು. ಹಾಗೇ ಇತ್ತು. ಸೂಜಿ ಹೋಗಿದ್ದ ಜಾಗದಲ್ಲಿ ಮಾತ್ರ ಬಿಳಿ ಗೆರೆ ಕಾಣಲಿಲ್ಲ. ಎಲ್ಲ ಕಂದು ಬಣ್ಣಕ್ಕೆ ತಿರುಗಿ ಗಟ್ಟಿ ಹಿಡಿದಿತ್ತು.

ಕವಲಿನ ಸಂದಿಗೆ ಕೈ ಹೋದಾಗ ಮಾನಿಟರಿನ ಬೀಪ್ ನಿಧಾನವಾಯಿತು. ಅರಿವಳಿಕೆ ತಜ್ಞೆ ತಲೆಯೆತ್ತದೆ, "ಪಲ್ಸ್ 40, ಕೈ ತೆಗೀರಿ" ಅಂದರು. ತೆಗೆದೆ. ಅಲ್ಲಿ ಬಿ.ಪಿ. ಅಳೆಯುವ ಸೈನಸ್ ಇದೆ, ಅದನ್ನು ಕೆಣಕಿದರೆ ಹೃದಯ ಹಿಂಜರಿಯುತ್ತದೆ. ಬೀಪ್ ಮೊದಲಿನ ಲಯಕ್ಕೆ ಬಂದ ಮೇಲೆ ಸಂದಿಗೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಒಂದಿಷ್ಟು ಚುಚ್ಚಿ ಮುಂದುವರಿಸಿದೆವು.

ಎರಡು ನಿಮಿಷ ಕಳೆದಿರಬಹುದು, ಆ ಕಂದು ಜಾಗದಲ್ಲೇ ನಾಳದ ಗೋಡೆ ಹರಿಯಿತು. ಸಾಸಿವೆಯಷ್ಟು ತೂತು, ಆದರೆ ಕ್ಯಾರೋಟಿಡ್ ಅಲ್ವಾ, ಕ್ಷಣದಲ್ಲಿ ಗಾಯ ತುಂಬಿತು. ನನ್ನ ಸಹಾಯಕ ಬೆರಳಿಟ್ಟ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಎರಡು ಮೂರು ನಿಮಿಷ ಹಾಗೇ ಕಾದು, ಬಿ.ಪಿ. ಸ್ವಲ್ಪ ಏರಿಸಿಸಿ, ಕ್ಲಾಂಪ್ ಹಾಕಿದೆವು. ಮಿದುಳಿನ ಕಡೆಯಿಂದ ರಕ್ತ ಜೋರಾಗಿ ಹಿಂದಕ್ಕೆ ಬರುತ್ತಿತ್ತು, ಅಂದರೆ ಆ ಕಡೆಗೆ ಬೇರೆ ದಾರಿಯಿಂದ ಪೂರೈಕೆ ಇದೆ. ಹಾಗಾಗಿ ರಕ್ತಕ್ಕೆ ತಾತ್ಕಾಲಿಕ ದಾರಿ ಮಾಡುವ ಶಂಟ್ ಕೊಳವೆ ಇಡಲಿಲ್ಲ. 6-0 ಪ್ರೋಲಿನ್ ಅನ್ನುವ ತೆಳು ದಾರದಲ್ಲಿ ಮೂರು ಹೊಲಿಗೆ. ಕ್ಲಾಂಪ್ ಇದ್ದದ್ದು 8 ನಿಮಿಷ. ಕಾಲಿನಿಂದ ರಕ್ತನಾಳ ತೆಗೆದು ಕಸಿ ಮಾಡಬೇಕಾಗಬಹುದೆಂದು ತೊಡೆಯನ್ನೂ ಶುಚಿ ಮಾಡಿ ಇಟ್ಟಿದ್ದೆವು, ಬೇಕಾಗಲಿಲ್ಲ.

ರಕ್ತ ನಿಂತಿತು. ಎಲ್ಲರ ಭುಜ ಇಳಿಯಿತು. ನಾನು ತಪ್ಪಿದ್ದು ಆಗ.

ಗಡ್ಡೆಯ ಹಿಂಬದಿ ಇನ್ನೂ ಅಂಟಿಕೊಂಡಿತ್ತು. ಧ್ವನಿಪೆಟ್ಟಿಗೆಗೆ ಹೋಗುವ ಸುಪೀರಿಯರ್ ಲ್ಯಾರಿಂಜಿಯಲ್ ನರ ಹಾದುಹೋಗುವುದು ಅಲ್ಲೇ, ಎರಡೂ ಕವಲುಗಳ ಹಿಂದೆ. ತೂತು ಬಿದ್ದ ಮೇಲೆ ಮನಸ್ಸು ಬೇಗ ಮುಗಿಸೋಣ ಅನ್ನುತ್ತಿರುತ್ತದೆ. ಮುಖದ ಕಡೆ ಹೋಗುವ ಎಕ್ಸ್‌ಟರ್ನಲ್ ಕವಲನ್ನು ಕಟ್ಟಿ ಕತ್ತರಿಸಿದರೆ ಗಡ್ಡೆ ಮುಂದಕ್ಕೆ ಮಗುಚಿ ಹಿಂಬದಿ ಕಾಣುತ್ತಿತ್ತು. ಆ ಕವಲು ಹೋದರೆ ಮುಖಕ್ಕೆ ಏನೂ ಆಗುವುದಿಲ್ಲ, ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ನಾನು ಅದನ್ನು ಉಳಿಸುವ ಹಟಕ್ಕೆ ಬಿದ್ದು ಗಡ್ಡೆಯನ್ನು ಎಳೆದು ಎಳೆದು ಬಿಡಿಸಿದೆ. ನರ ತುಂಡಾಗಲಿಲ್ಲ. ಆದರೆ ಗಡ್ಡೆ ಹೊರಬಂದ ಮೇಲೆ ನೋಡಿದರೆ ಜಗ್ಗಿದ ದಾರದ ಹಾಗೆ ಸಡಿಲವಾಗಿ ಬಿದ್ದಿತ್ತು. ಒಟ್ಟು ರಕ್ತ ಹೋದದ್ದು 400 ಮಿ.ಲೀ.

ಎಚ್ಚರವಾದ ಮೇಲೆ

ಕೈ ಎತ್ತಿಸಿದೆವು, ಎತ್ತಿದರು. ನಗಿಸಿದೆವು, ನಕ್ಕರು. ನಾಲಿಗೆ ಹೊರಹಾಕಿ ಅಂದಾಗ ಎಡಕ್ಕೆ ವಾಲಿತು. ಹೈಪೋಗ್ಲಾಸಲ್ ನರಕ್ಕೆ ಪೆಟ್ಟಾದ ಕಡೆಗೆ ನಾಲಿಗೆ ತಿರುಗುತ್ತದೆ. ಅದು ಆರು ವಾರದಲ್ಲಿ ಸರಿಹೋಯಿತು. ಊಟದ ಮೊದಲ ತುತ್ತಿಗೆ ದವಡೆಯಲ್ಲಿ ಚುಳ್ ಅನ್ನುವ ನೋವು, ಎರಡನೇ ತುತ್ತಿಗೆ ಇಲ್ಲ. ಇದಕ್ಕೆ ಫಸ್ಟ್ ಬೈಟ್ ಸಿಂಡ್ರೋಮ್ ಅಂತಲೇ ಹೆಸರು. ಜೊಲ್ಲುಗ್ರಂಥಿಗೆ ಹೋಗುವ ಸಿಂಪಥೆಟಿಕ್ ನರದ ಎಳೆ ಹೋದಾಗ ಬರುತ್ತದೆ. ಅವರಿಗೆ ಮೊದಲೇ ಹೇಳಿಟ್ಟಿದ್ದರಿಂದ ಗಾಬರಿಯಾಗಲಿಲ್ಲ. ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಯಿತು.

ಹೇಳದೆ ಬಿಟ್ಟದ್ದು ಬೇರೆ ಇತ್ತು. ನೀರು ಕುಡಿದರೆ ಕೆಮ್ಮು. ಮಾತು ಚೆನ್ನಾಗಿಯೇ ಇದೆ, ಆದರೆ ಮೇಲಿನ ಸ್ವರ ಹತ್ತುವುದಿಲ್ಲ. ಸುಪೀರಿಯರ್ ಲ್ಯಾರಿಂಜಿಯಲ್ ನರದ ಒಂದು ಕವಲು ಧ್ವನಿಪೆಟ್ಟಿಗೆಗೆ ಸ್ಪರ್ಶಜ್ಞಾನ ಕೊಡುತ್ತದೆ, ಅದಿಲ್ಲದೆ ನೀರು ದಾರಿ ತಪ್ಪುವುದು ಗೊತ್ತಾಗುವುದಿಲ್ಲ. ಇನ್ನೊಂದು ಕವಲು ಧ್ವನಿತಂತುವನ್ನು ಬಿಗಿಗೊಳಿಸುತ್ತದೆ. ಮಾತಿಗೆ ಅಷ್ಟು ಬಿಗಿ ಬೇಡ, ಹಾಡಿಗೆ ಬೇಕು. ನಾನು 'ಧ್ವನಿ ಒಡೆಯಬಹುದು' ಅಂದಾಗ ಅವರು ಗೊಗ್ಗರು ಧ್ವನಿ ಅಂದುಕೊಂಡಿದ್ದರು. ಒಪ್ಪಿಗೆ ಪತ್ರದಲ್ಲಿ ಎಲ್ಲ ಬರೆದಿತ್ತು, ಸಹಿಯೂ ಇತ್ತು. ಹಾಡುವವರ ಮುಂದೆ ಕೂತು ಸ್ವರದ ಮಾತೇ ಎತ್ತದೆ ಎದ್ದು ಬಂದವನು ನಾನು.

ಏಳು ತಿಂಗಳು ಧ್ವನಿ ಚಿಕಿತ್ಸೆ ನಡೆಯಿತು. ಕೆಮ್ಮು ಹೋಯಿತು. ಸ್ವರ ಬಹಳಷ್ಟು ಮರಳಿತು, ಪೂರ್ತಿ ಅಲ್ಲ. ಹಳೇ ರೆಕಾರ್ಡಿಂಗ್ ಜೊತೆಗಿಟ್ಟು ಕೇಳಿದಾಗ ಎಷ್ಟು ಅನ್ನುವುದು ನಮಗೂ ಸ್ಪಷ್ಟವಾಯಿತು. ಅದಿಲ್ಲದಿದ್ದರೆ ನಾವು 'ಸರಿಹೋಗಿದೆಯಲ್ಲ' ಅಂದುಬಿಡುತ್ತಿದ್ದೆವು.

ಪ್ಯಾಥಾಲಜಿ ವರದಿಯಲ್ಲಿ ಪ್ಯಾರಾಗ್ಯಾಂಗ್ಲಿಯೋಮ ಅಂತ ಖಚಿತವಾಯಿತು, ಜೊತೆಗೆ ತೆಗೆದ ಲಿಂಫ್ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೋಶ ನೋಡಿ ಈ ಗಡ್ಡೆ ಕೆಟ್ಟದೋ ಅಲ್ಲವೋ ಹೇಳಲಾಗುವುದಿಲ್ಲ. ಬೇರೆ ಕಡೆ ಹರಡಿದ್ದರೆ ಮಾತ್ರ ಕೆಟ್ಟದ್ದು.

ಬಲಗಡೆಯದು

ವರ್ಷದ ನಂತರ ಟೀಚರ್ ಬಂದು, "ಅದನ್ನೂ ತೆಗೆದುಬಿಡಿ ಡಾಕ್ಟ್ರೇ, ತಲೆನೋವು ಮುಗೀಲಿ" ಅಂದರು. ನನಗೂ ಆಸೆಯಿತ್ತು. 1.4 ಸೆಂ.ಮೀ., ಒಂದನೇ ಬಗೆ, ನುಣ್ಣಗೆ ಬರುವ ಗಡ್ಡೆ. ಎಡಗಡೆ ಆದ ಎಡವಟ್ಟನ್ನು ಬಲಗಡೆ ತೊಳೆದುಕೊಳ್ಳುವ ಹಂಬಲವೂ ಅದರಲ್ಲಿ ಸೇರಿತ್ತೇನೋ. ಸರ್ಜನ್‌ಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕ್ಯಾಮೆರಾ ಹಾಕಿ ನೋಡಿಸಿದೆವು. ಧ್ವನಿಪೆಟ್ಟಿಗೆಯ ಎಡಭಾಗದಲ್ಲಿ ಸ್ಪರ್ಶ ಇನ್ನೂ ಅರೆಬರೆ. ಅಂದರೆ ಹಾಡಿಗೂ ನುಂಗುವುದಕ್ಕೂ ಅವರು ನೆಚ್ಚಿಕೊಂಡಿರುವುದು ಬಲಗಡೆಯನ್ನು. ಅಲ್ಲೂ ಆ ನರಕ್ಕೆ ಪೆಟ್ಟಾದರೆ ನೀರು, ಊಟ ಶ್ವಾಸಕೋಶಕ್ಕೆ ಇಳಿಯಬಹುದು. ವೇಗಸ್ಸಿಗೇ ಆದರೆ ಇನ್ನೂ ಕಷ್ಟ. ಇನ್ನೊಂದು ಭಯ ಬಿ.ಪಿ.ಯದು. ಎಡಗಡೆ ಸೈನಸ್ಸಿನ ನರದ ಎಳೆಗಳು ಆಗಲೇ ಹೋಗಿವೆ. ಬಲಗಡೆಯವೂ ಹೋದರೆ ಬಿ.ಪಿ.ಗೆ ಲಗಾಮು ಹಿಡಿಯುವವರೇ ಇರುವುದಿಲ್ಲ. ಸಿಟ್ಟು ಬಂದರೆ, ನೋವಾದರೆ ಸರ್ರನೆ ಏರುತ್ತದೆ, ತಲೆ ಸಿಡಿಯುತ್ತದೆ, ಮಲಗಿದಾಗ ಇಳಿಯುತ್ತದೆ. ಕೆಲವರಿಗೆ ದಿನಗಳಲ್ಲಿ ಹಿಡಿತಕ್ಕೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ.

ಚಿಕ್ಕದನ್ನು ಮೊದಲು ತೆಗೆಯಿರಿ ಅಂದಿದ್ದ ಹಿರಿಯರು ಈಗ ನನಗಿಂತ ಮುಂಚೆ, "ಬೇಡ" ಅಂದರು.

ಟೀಚರ್‌ಗೆ ಬೇಡ ಅನ್ನುವುದನ್ನು ಹೇಳುವುದು ಆಪರೇಷನ್ನಿಗಿಂತ ಹೆಚ್ಚು ಹೊತ್ತು ಹಿಡಿಯಿತು ಅನ್ನಿಸಿತು. ಗಡ್ಡೆ ಇದೆ ಅಂತ ಗೊತ್ತಿದ್ದೂ ಬಿಡುವುದು ಹೇಗೆ ಅಂತ ಅವರ ಪ್ರಶ್ನೆ. ಬಿಳಿ ಹಾಳೆಯ ಮೇಲೆ ಎರಡು ಕವಲು ಬರೆದು, ನರಗಳನ್ನು ಗೆರೆ ಎಳೆದು ತೋರಿಸಿದೆ. ಈ ಸಲ ಸ್ವರದ ಮಾತನ್ನೇ ಮೊದಲು ಆಡಿದೆ. ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೋದರು. ವರ್ಷಕ್ಕೊಮ್ಮೆ ಎಂಆರ್‌ಐ, ವೇಗವಾಗಿ ಬೆಳೆದರೆ ಅಥವಾ ನರಕ್ಕೆ ತೊಂದರೆ ಶುರುವಾದರೆ ವಿಕಿರಣ, ಅಂತ ಒಪ್ಪಂದವಾಯಿತು. ಐದು ವರ್ಷದಲ್ಲಿ 1.4 ಇದ್ದದ್ದು 1.6 ಆಗಿದೆ. ಅವರು ಹಾಡಿನ ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿಕೊಂಡು ಕಲಿಸುತ್ತಿದ್ದಾರೆ.

ವಂಶವಾಹಿ ವರದಿ ಬಂದ ಮೇಲೆ ಅವರ ಅಣ್ಣನನ್ನೂ ಕರೆಸಿದೆವು. ಏನೂ ತೊಂದರೆ ಇಲ್ಲ ಅಂತ ಗೊಣಗುತ್ತಲೇ ಬಂದರು. ಸ್ಕ್ಯಾನಿನಲ್ಲಿ ಎರಡು ಸಣ್ಣ ಗಡ್ಡೆ ಸಿಕ್ಕವು. ಎಸ್‌ಡಿಎಚ್‌ಡಿ ದೋಷದ ಒಂದು ವಿಚಿತ್ರ ಏನೆಂದರೆ, ಅದು ತಂದೆಯಿಂದ ಬಂದರೆ ಗಡ್ಡೆ ತರುತ್ತದೆ, ತಾಯಿಯಿಂದ ಬಂದರೆ ಬಹುತೇಕ ತರುವುದಿಲ್ಲ. ಹಾಗಾಗಿ ಟೀಚರ್ ಮಗನಿಗೆ ದೋಷ ಬಂದಿದ್ದರೂ ಗಡ್ಡೆಯ ಭಯ ಕಡಿಮೆ. ಅವನಿಗೆ ಹುಟ್ಟುವ ಮಕ್ಕಳ ವಿಷಯ ಬೇರೆ. ಒಂದು ತಲೆಮಾರು ಹಾರಿ ಬಂದಂತೆ ಕಾಣುವುದರಿಂದ ಮನೆಯವರಿಗೆ ನೆನಪೇ ಇರುವುದಿಲ್ಲ, ಅದಕ್ಕೆ ಬರೆದುಕೊಟ್ಟಿದ್ದೇವೆ. ಅಣ್ಣನ ಮಗಳಿಗೆ ಈಗ 13. ಅವಳ ರಕ್ತ ಪರೀಕ್ಷೆಯಲ್ಲಿ ದೋಷ ಇರುವುದು ಗೊತ್ತಾಗಿದೆ, ಮೊದಲ ಸ್ಕ್ಯಾನ್ ಮುಂದಿನ ತಿಂಗಳು. ಅತ್ತೆಯೇ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.